ರಕ್ತದೊಳಗಿನ ತಡೆ

ಹಾಲು ಮೊಸರಾಗಬೇಕಾದರೆ ನಾವು ಹೊರಗಿನಿಂದ ಹೆಪ್ಪು ಹಾಕಬೇಕು. ರಕ್ತವಾದರೋ ತನ್ನ ಹೆಪ್ಪನ್ನು ತಾನೇ ಹೊತ್ತು ಹರಿಯುತ್ತದೆ. ಬೆರಳು ಕೊಯ್ದುಕೊಂಡಾಗ ಕೆಲವು ನಿಮಿಷಗಳಲ್ಲಿಯೇ ಅದು ಗಟ್ಟಿಯಾಗುವುದನ್ನು ಕಾಣದವರಾರು? ಹಾಗಿದ್ದಮೇಲೆ ಗಾಯವಿಲ್ಲದಾಗ ಅದು ನಾಳಗಳೊಳಗೇ ಏಕೆ ಗಟ್ಟಿಯಾಗುವುದಿಲ್ಲ?

ಇದಕ್ಕೆ ಉತ್ತರದ ಎಳೆಯೊಂದು ದೊರೆತುದು ಆಕಸ್ಮಿಕವಾಗಿ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯವಿದ್ಯಾರ್ಥಿಯು ಪ್ರಾಧ್ಯಾಪಕ ಹೊವೆಲ್ಲರ ಬಳಿ, ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವೊಂದನ್ನು ಕುರಿತು ಪರೀಕ್ಷೆ ನಡೆಸುತ್ತಿದ್ದನು. ಯಕೃತ್ತಿನಿಂದ ತೆಗೆದ ಸಾರವು, ಕೆಲವು ಕಾಲ ಇಟ್ಟಮೇಲೆ, ಹೆಪ್ಪುಗಟ್ಟಿಸುವ ಬದಲು ಹೆಪ್ಪನ್ನೇ ತಡೆಯಿತು! 1916ರಲ್ಲಿ ಅವನು ಇದನ್ನು ಪ್ರಕಟಿಸಿದನು. ಎರಡು ವರ್ಷಗಳ ತರುವಾಯ ಹೊವೆಲ್ಲರು, ಯಕೃತ್ತೆಂಬ ಅರ್ಥದ ಗ್ರೀಕ್ ಪದದಿಂದ, ಇಂಥ ವಸ್ತುವಿಗೆ ಹೆಪರಿನ್ ಎಂದು ಹೆಸರಿಟ್ಟರು. ಇಂದು ನಾವು ಹೆಪರಿನ್ನೆನ್ನುವುದು ಮೆಕ್ಲೀನನ ಸಾರವೇ ಅಲ್ಲವೆಂಬ ವಾದವುಂಟು. ಕೀರ್ತಿಯ ಪಾಲುಗಾರಿಕೆ ವಿಜ್ಞಾನದಲ್ಲಿಯೂ ಸುಲಭವಲ್ಲ.

ಆದರೆ ತಡೆಯ ಕಾರ್ಯ ಹೆಪರಿನ್ನಿನದೇ ಅಲ್ಲ. 1939ರಲ್ಲಿ ಬ್ರಿಂಕ್‌ಹೌಸ್ ಮತ್ತು ಅವರ ಸಂಗಡಿಗರು, ಶುದ್ಧೀಕರಿಸಿದ ದ್ರವ್ಯಗಳ ಮೇಲೆ ಹೆಪರಿನ್ ಪರಿಣಾಮಕಾರಿಯಾಗಬೇಕಾದರೆ ರಕ್ತರಸದಲ್ಲಿರುವ ಇನ್ನೊಂದು ವಸ್ತು ಬೇಕೆಂದು ತೋರಿಸಿದರು. ಅದೇ ಆಂಟಿಥ್ರಾಂಬಿನ್ ಎಂಬ ಪ್ರೋಟೀನು. ರಕ್ತರಸದ ಫೈಬ್ರಿನೋಜನ್ನನ್ನು ಎಳೆಗಳಾಗಿಸಿ ಹೆಪ್ಪನ್ನು ಹೆಣೆಯುವುದು ಥ್ರಾಂಬಿನ್. ಆ ಥ್ರಾಂಬಿನ್ನನ್ನು ಆಂಟಿಥ್ರಾಂಬಿನ್ ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಹೆಪರಿನ್ ಸೇರಿದಾಗ ಈ ಹಿಡಿತ ಸುಮಾರು ಸಾವಿರ ಪಟ್ಟು ವೇಗವಾಗುತ್ತದೆ. ರೋಸೆನ್‌ಬರ್ಗ್ ಮತ್ತು ಡೇಮಸ್ ಇದರ ಬಗೆಯನ್ನು 1973ರಲ್ಲಿ ವಿವರಿಸಿದರು.

ಇದೆಲ್ಲ ಕೇವಲ ಪ್ರಯೋಗಶಾಲೆಯ ಕುತೂಹಲವಲ್ಲವೆಂಬುದನ್ನು ತಿಳಿಸಿದುದು ನಾರ್ವೆ ದೇಶದ ಒಂದು ಕುಟುಂಬ. ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ಹಲವರ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುತ್ತಿದ್ದಿತು. ಅಂಥ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಅಪಾಯ. 1965ರಲ್ಲಿ ಓಲಾವ್ ಎಗೆಬರ್ಗ್ ಎಂಬ ವೈದ್ಯರು ಪೀಡಿತರ ರಕ್ತವನ್ನು ಪರೀಕ್ಷಿಸಿದರು. ಆಂಟಿಥ್ರಾಂಬಿನ್ ಇಲ್ಲದೆ ಹೋಗಿರಲಿಲ್ಲ. ಸಾಮಾನ್ಯ ಪ್ರಮಾಣದ ಸುಮಾರು ಅರ್ಧ ಉಳಿದಿದ್ದಿತು.

ನಮಗೆ ಆಶ್ಚರ್ಯವೆನಿಸುವುದು ಈ ಅರ್ಧವೇ. ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಹಲವು ಅರ್ಧಕ್ಕಿಳಿದರೂ ರಕ್ತಸ್ರಾವದ ಭಯ ಸಾಮಾನ್ಯವಾಗಿ ಇರದು; ತಡೆಯುವ ಈ ಪ್ರೋಟೀನು ಅರ್ಧಕ್ಕಿಳಿದರೆ ಮಾತ್ರ ಅಪಾಯ ಬಹಳವಾಗಿ ಹೆಚ್ಚುತ್ತದೆ. ಹಾಗೆಂದು ಅಂಥವರೆಲ್ಲರಿಗೂ ಪ್ರತಿದಿನವೂ ಗಂಡಾಂತರವಿಲ್ಲ. ಶಸ್ತ್ರಚಿಕಿತ್ಸೆ, ಗರ್ಭಧಾರಣೆ, ಬಹುದಿನ ಹಾಸಿಗೆ ಹಿಡಿದಿರುವುದು ಮೊದಲಾದ ಸಂದರ್ಭಗಳಲ್ಲಿಯೇ ಹೆಪ್ಪು ಹೆಚ್ಚಾಗಿ ತಲೆದೋರುವುದು. ಅವರಲ್ಲಿ ಕೆಲವರಿಗೆ ರೂಢಿಯ ಪ್ರಮಾಣದ ಹೆಪರಿನ್ ಕೊಟ್ಟರೂ ಸಾಕಷ್ಟು ಗುಣ ಕಾಣದು. ಅದು ಚುರುಕುಗೊಳಿಸಬೇಕಾದ ಪ್ರೋಟೀನೇ ಅವರ ರಕ್ತದಲ್ಲಿ ಕಡಿಮೆ.