ಆಳುದ್ದದ ಬಿಲ್ಲು, ಕೂದಲೆಳೆಯ ದಪ್ಪ

ಮಸ್ಕಿಯಿಂದ ಸಿಂಧನೂರಿನ ಕಡೆ ಹೋದರೆ ಕಾಲುವೆಯ ನೀರು ಕುಡಿದ ಭತ್ತದ ಗದ್ದೆಗಳು. ಲಿಂಗಸುಗೂರಿನ ಕಡೆ ಹೊರಳಿದರೆ ಜಾಲಿ, ಬೇವು, ಕಲ್ಲುಗುಡ್ಡ. ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ನೆಲವನ್ನು ಶಾಸನಗಳು ಎಡೆದೊರೆ ನಾಡು ಎನ್ನುತ್ತವೆ. ನೆಟ್ಟಗೆ ಬೆಳೆದ, ಗಂಟಿಲ್ಲದ ಆಳುದ್ದದ ಮರ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಆದರೂ ಎಂಥ ಬಿಲ್ಲು ಮೇಲು ಎಂಬ ಪ್ರಶ್ನೆ ದಕ್ಷಿಣ ಭಾರತದಲ್ಲಿ ಒಂದು ರಾಜ್ಯದ ಅಳಿವು ಉಳಿವಿನ ಪ್ರಶ್ನೆಯಾದದ್ದು ಇದೇ ನೆಲದ ಮೇಲಿನ ಜಗಳದಲ್ಲಿ. ಆ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ಬಿಲ್ಲಿನ ತೋಳು ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ದಪ್ಪ ಇರಬೇಕು?

ಮರ ಮಣ್ಣಾಗುತ್ತದೆ, ಕಲ್ಲು ಉಳಿಯುತ್ತದೆ. 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಅಗೆಸಿದಾಗ ಸಣ್ಣ ಕಲ್ಲಿನ ಅಲಗುಗಳು ಸಿಕ್ಕವು, ಬಿಲ್ಲು ಸಿಗಲಿಲ್ಲ. ಬಹಳ ಹಳೆಯ ಮರದ ಬಿಲ್ಲನ್ನು ನೋಡಬೇಕೆಂದರೆ ಡೆನ್ಮಾರ್ಕಿಗೇ ಹೋಗಬೇಕು. ಅಲ್ಲಿನ ಹೋಲ್ಮೆಗಾರ್ಡ್ ಜೌಗಿನಲ್ಲಿ 1944ರಲ್ಲಿ ಸಿಕ್ಕ ಎಲ್ಮ್ ಮರದ ಬಿಲ್ಲಿಗೆ ಸುಮಾರು 9,000 ವರ್ಷ. ಅದರ ಹಿಡಿ ಕಿರಿದು, ತೋಳುಗಳು ಅಗಲ ಮತ್ತು ಚಪ್ಪಟೆ. ಈ ಅಗಲವಾದ ತೋಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ನಮ್ಮಲ್ಲಿ ಅಳತೆಯ ಮಾತು ಮೊದಲು ಬರುವುದು ಬರವಣಿಗೆಯಲ್ಲಿ. ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್ ಕಂಡದ್ದನ್ನು ಆಧರಿಸಿ ಇತಿಹಾಸಕಾರ ಏರಿಯನ್ ಬರೆದ ಪ್ರಕಾರ, ಭಾರತದ ಕಾಲಾಳಿನ ಬಿಲ್ಲು ಅದನ್ನು ಹಿಡಿದವನಷ್ಟೇ ಎತ್ತರ. ಒಂದು ತುದಿಯನ್ನು ನೆಲಕ್ಕೂರಿ, ಎಡಗಾಲಿನಿಂದ ಒತ್ತಿ ಹೆದೆ ಎಳೆಯುತ್ತಿದ್ದರು. ಕೌಟಿಲ್ಯನ ಅರ್ಥಶಾಸ್ತ್ರ ತಾಳೆ, ಬಿದಿರು, ಮರ, ಕೊಂಬು ಎಂದು ಬಿಲ್ಲಿಗೆ ನಾಲ್ಕು ಬಗೆಯ ಸಾಮಗ್ರಿ ಹೇಳುತ್ತದೆ. ಅಗ್ನಿಪುರಾಣ ಮೊಳದ ಲೆಕ್ಕ ಕೊಡುತ್ತದೆ: 4 ಮೊಳದ್ದು ಉತ್ತಮ, ಮೂರೂವರೆ ಮೊಳದ್ದು ಮಧ್ಯಮ, 3 ಮೊಳದ್ದು ಅಧಮ. ವಸಿಷ್ಠರ ಹೆಸರಿನಲ್ಲಿರುವ ಧನುರ್ವೇದದಲ್ಲಿ ಬಿದಿರಿನ ಬಿಲ್ಲಿಗೆ ಗಂಟುಗಳ ಸಂಖ್ಯೆ ಬೆಸವಾಗಿರಬೇಕೆಂಬ ನಿಯಮವಿದೆ.

ಇವನ್ನು ಶಾಸ್ತ್ರದ ಮಡಿವಂತಿಕೆ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಗಂಟು ಬೆಸವಾದರೆ ನಡುವಿನ ಗಂಟು ಹಿಡಿಯೊಳಗೆ ಕೂರುತ್ತದೆ, ಉಳಿದವು ಎರಡೂ ತೋಳಿಗೆ ಸಮನಾಗಿ ಹಂಚಿಹೋಗುತ್ತವೆ. ಮೊಳದ ಲೆಕ್ಕವೂ ಹಾಗೆಯೇ. ಮೊಳಕ್ಕೆ 18 ಇಂಚು ಹಿಡಿದರೆ 4 ಮೊಳ ಎಂದರೆ 72 ಇಂಚು. ಬಾಣವನ್ನು ಕಿವಿಯವರೆಗೆ, ಅಂದರೆ ಸುಮಾರು 28 ಇಂಚು ಸೆಳೆಯುವವನಿಗೆ ಬಿಲ್ಲು ಆ ಸೆಳೆತದ ಎರಡರಷ್ಟಕ್ಕಿಂತ ಉದ್ದವಿರಬೇಕು, ಬಾಗದ ಹಿಡಿಯಿದ್ದರೆ ಅದಕ್ಕೆ ಇನ್ನೂ ಒಂದು ಗೇಣು ಸೇರಬೇಕು ಎಂಬುದು ಇಂದಿನ ಬಿಲ್ಲು ಕೆಲಸಗಾರರ ರೂಢಿಯ ಲೆಕ್ಕ. ಅದು 65 ಇಂಚನ್ನು ದಾಟುತ್ತದೆ. 3 ಮೊಳವೆಂದರೆ 54 ಇಂಚು, ಸೆಳೆತದ ಎರಡರಷ್ಟೂ ಇಲ್ಲ. ಬರೀ ಮರದ ಬಿಲ್ಲಾದರೆ ಅದು ಕಿವಿಗೆ ಬರುವ ಮೊದಲೇ ಸಿಡಿಯುತ್ತದೆ. ಅಧಮ ಎಂದದ್ದರಲ್ಲಿ ಅನುಭವವಿದೆ.

ಆದರೆ ಹೆಚ್ಚು ಉದ್ದವಿಲ್ಲದ ಬಿಲ್ಲೇ ಗೆದ್ದ ಕಾಲವೂ ಬಂತು. ಬಹಮನಿ ಸೇನೆಯ ಎದುರು ಮತ್ತೆ ಮತ್ತೆ ಸೋತ ವಿಜಯನಗರದ ಇಮ್ಮಡಿ ದೇವರಾಯ ಕಾರಣ ಕೇಳಿದಾಗ, ಅವರ ಕುದುರೆ ಮೇಲು, ಬಿಲ್ಲಾಳುಗಳೂ ಮೇಲು ಎಂಬ ಉತ್ತರ ಬಂತೆಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ರಾಯ ಮುಸಲ್ಮಾನ ಬಿಲ್ಲುಗಾರರನ್ನು ಸೇನೆಗೆ ಸೇರಿಸಿಕೊಂಡ, ತನ್ನವರಿಗೆ ಅವರಿಂದ ಕಲಿಸಿದ. ಫೆರಿಷ್ತಾ ಹೇಳುವ ಪ್ರಕಾರ ಬಿಲ್ವಿದ್ಯೆ ಬಲ್ಲ 60,000 ಹಿಂದೂಗಳು ಸಿದ್ಧರಾದರು. 1443ರಲ್ಲಿ ಆ ಸೇನೆ ತುಂಗಭದ್ರೆ ದಾಟಿ ಇಂದಿನ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲನ್ನು ಹಿಡಿಯಿತು.

ಕುದುರೆ ಸವಾರನಿಗೆ ಆಳುದ್ದದ ಬಿಲ್ಲು ಕೊರಳಿಗೆ ಗುಂಡುಕಲ್ಲು ಕಟ್ಟಿದಂತೆ. ಪಶ್ಚಿಮ, ಮಧ್ಯ ಏಷ್ಯಾಗಳ ಸವಾರರು ನಡುವೆ ಮರ, ಹೊಟ್ಟೆಗೆ (ಬಿಲ್ಲುಗಾರನ ಕಡೆಯ ಮೈಗೆ) ಕೊಂಬು, ಬೆನ್ನಿಗೆ (ಆಚೆ ಕಡೆಯ ಮೈಗೆ) ನರ ಅಂಟಿಸಿ ಗಿಡ್ಡ ಬಿಲ್ಲು ಮಾಡುತ್ತಿದ್ದರು. ಕನ್ನಡದಲ್ಲಿ ಬಿಲ್ಲಿಗೆ ಸಿಂಗಾಡಿ ಎಂಬ ಹೆಸರೂ ಇದೆ, ಅದರೊಳಗೆ ಕೊಂಬಿನ ‘ಶೃಂಗ’ ಕೇಳಿಸುತ್ತದೆ. ಮರ ತನ್ನ ಉದ್ದದ ನೂರರಲ್ಲಿ ಒಂದು ಪಾಲಿನಷ್ಟು ಹಿಗ್ಗಿದರೆ, ಕುಗ್ಗಿದರೆ ಹೆಚ್ಚು. ಕೊಂಬು, ನರಗಳು ಅದರ ಹಲವು ಪಟ್ಟು ತಾಳುತ್ತವೆ. ಗಿಡ್ಡ ತೋಳಿನ ಗುಟ್ಟು ಇಷ್ಟೇ.

ಆಮೇಲೆ ಮದ್ದುಗುಂಡು ಬಂತು. 1705ರಲ್ಲಿ ಔರಂಗಜೇಬ ಸುರಪುರದ ವಾಗಿನಗೇರಿಯನ್ನು ಮುತ್ತಿದಾಗ ಬೇಡ ನಾಯಕರ ಪಡೆ ಹೆಸರಾಗಿದ್ದದ್ದು ಕೋವಿಗೆ.

ದಪ್ಪ, ಅಗಲಗಳ ಕಾರಣ ಕಾಗದಕ್ಕೆ ಬಂದದ್ದು ಬಿಲ್ಲು ಯುದ್ಧದಿಂದ ನಿವೃತ್ತವಾದ ಎಷ್ಟೋ ಕಾಲದ ಮೇಲೆ. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿಗಳಾದ ಸಿ.ಎನ್. ಹಿಕ್ಮನ್, ಪಾಲ್ ಕ್ಲಾಪ್‌ಸ್ಟೆಗ್ ಬಿಲ್ಲನ್ನು ತೊಲೆಯಂತೆ ಲೆಕ್ಕಕ್ಕೆ ತಂದರು. ಇವರಿಬ್ಬರ ಮತ್ತು ನೇಗ್ಲರ್ ಎಂಬ ಇನ್ನೊಬ್ಬರ ಬರಹಗಳ ಸಂಕಲನ 1947ರಲ್ಲಿ ಬಂತು. ಅಗಲ ಎರಡು ಪಟ್ಟಾದರೆ ತೋಳಿನ ಬಿಗಿ ಎರಡು ಪಟ್ಟು. ದಪ್ಪ ಎರಡು ಪಟ್ಟಾದರೆ ಎಂಟು ಪಟ್ಟು. 10 ಮಿ.ಮೀ. ದಪ್ಪದ ತೋಳಿನಿಂದ ಒಂದೇ ಒಂದು ಮಿ.ಮೀ. ಹೆರೆದರೆ ಬಿಗಿಯಲ್ಲಿ ನೂರಕ್ಕೆ 27 ಪಾಲು ಹೋಯಿತು. ಬಿಲ್ಲು ಎಷ್ಟು ಬಾಗಬಹುದೆಂಬುದನ್ನೂ ದಪ್ಪವೇ ತೀರ್ಮಾನಿಸುತ್ತದೆ. ಮರದ ಹಿಗ್ಗು ಕುಗ್ಗಿಗೆ ಹಿಂದೆ ಹೇಳಿದ ನೂರಕ್ಕೊಂದರ ಮಿತಿ ಇಟ್ಟುಕೊಂಡರೆ 18 ಮಿ.ಮೀ. ದಪ್ಪದ ತೋಳು 90 ಸೆಂ.ಮೀ. ತ್ರಿಜ್ಯದ ವೃತ್ತಕ್ಕಿಂತ ಬಿಗಿಯಾಗಿ ಬಾಗಲಾರದು, 12 ಮಿ.ಮೀ. ತೋಳು 60 ಸೆಂ.ಮೀ.ವರೆಗೆ ಬಾಗುತ್ತದೆ. ಆದರೆ 18ರಿಂದ 12ಕ್ಕೆ ಇಳಿದು ಮೊದಲಿನ ಬಿಗಿಯೇ ಬೇಕೆಂದರೆ ಅಗಲ ಮೂರು ಪಟ್ಟಿಗೂ ಮೀರಬೇಕು. ಇಂಗ್ಲೆಂಡಿನ ಯೂ ಮರದ ಕಿರಿದಾದ, ದಪ್ಪನೆಯ ತೋಳನ್ನೇ ಆದರ್ಶವೆಂದು ನಂಬಿದ್ದವರಿಗೆ ಇವರು ಅಗಲವಾದ ಚಪ್ಪಟೆ ತೋಳನ್ನು ಮುಂದಿಟ್ಟರು. ಹೋಲ್ಮೆಗಾರ್ಡಿನ ಬೇಟೆಗಾರ ಲೆಕ್ಕವಿಲ್ಲದೆ ತಲುಪಿದ್ದ ಜಾಗ ಅದು.

ಹೀಗಾಗಿ ಮರ ನೋಡದೆ ಅಳತೆ ಹೇಳುವುದು ಅಡಿಗೆ ನೋಡದೆ ಉಪ್ಪು ಹಾಕಿದ ಹಾಗೆ. ಬಳುಕುವ ಗುಣಕ್ಕೆ ಹೆಸರಾದ ತಡಸಲು ಗಾಡಿಯ ಮೂಕಿಗೂ ಬಿಲ್ಲಿಗೂ ಒದಗಿದ ಮರ, ಅದರ ತೋಳು ಕಿರಿದಾದರೂ ನಡೆಯುತ್ತದೆ. ಕಡಿಮೆ ತಾಳಿಕೆಯ ಮರಕ್ಕೆ ಅಗಲವನ್ನೂ ಉದ್ದವನ್ನೂ ಧಾರಾಳವಾಗಿ ಬಿಡಬೇಕು. ಬಿದಿರಿನ ಗಟ್ಟಿ ನಾರೆಲ್ಲ ಹೊರಸಿಪ್ಪೆಯ ಬಳಿ ಇರುವುದರಿಂದ ಸಿಪ್ಪೆಯನ್ನು ಬೆನ್ನಿಗೆ ಬಿಟ್ಟು ಒಳಬದಿಯನ್ನಷ್ಟೇ ಹೆರೆಯಬೇಕು.

ಕೊನೆಯ ಅಳತೆ ಕಣ್ಣಿನದು. ಬಿಲ್ಲಿನ ಹಿಡಿಯನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ, ಹೆದೆಯನ್ನು ಹಗ್ಗದಿಂದ ಕೆಳಕ್ಕೆ ಎಳೆದು, ಹತ್ತು ಹೆಜ್ಜೆ ಹಿಂದೆ ನಿಂತು ನೋಡುತ್ತಾರೆ. ಎಲ್ಲಿ ಮೊಣಕೈಯಂತೆ ಮಡಿಯುತ್ತದೋ ಆ ಜಾಗವನ್ನು ಮುಟ್ಟುವಂತಿಲ್ಲ, ಅದರ ಆಚೆ ಈಚೆ ಹೆರೆಯಬೇಕು. ಒಡೆದ ಗಾಜಿನ ಚೂರಿನಿಂದ ಹೆರೆದಾಗ ಬೀಳುವ ಪುಡಿ ಹಿಟ್ಟಿನಷ್ಟು ನಯ. ಹೆರೆದ ಮೇಲೆ ಇಪ್ಪತ್ತು ಮೂವತ್ತು ಸಲ ಅರ್ಧಕ್ಕೆ ಎಳೆದು ಬಿಟ್ಟರೆ ಮರ ತನ್ನ ಹೊಸ ಬಾಗನ್ನು ತೋರಿಸುತ್ತದೆ. ಅವಸರ ಮಾಡಿದರೆ ಹೊಟ್ಟೆಯ ಮೇಲೆ ಅಡ್ಡಕ್ಕೆ ಕೂದಲೆಳೆಯಂಥ ಗೆರೆ ಬೀಳುತ್ತದೆ. ಅಲ್ಲಿ ನಾರು ನುಗ್ಗಾಗಿದೆ, ಇನ್ನು ಅದು ಸರಿಹೋಗುವುದಿಲ್ಲ.

ಇವತ್ತು ಸ್ಪರ್ಧೆಯ ಅಂಗಳದಲ್ಲಿ ಫೈಬರ್ ತೋಳುಗಳೇ ಹೆಚ್ಚು. ರಾಷ್ಟ್ರೀಯ ಕೂಟಗಳ ‘ಇಂಡಿಯನ್ ರೌಂಡ್’ ವಿಭಾಗದಲ್ಲಿ ಮಾತ್ರ ಬಿದಿರಿನ ಬಿಲ್ಲು ಉಳಿದಿದೆ, ಗುರಿ 30 ಮತ್ತು 50 ಮೀಟರ್. ಹತ್ತಿ ಬೆಳೆಯುವ ನಮ್ಮ ಸೀಮೆಯಲ್ಲಿ ಬೇಟೆಯ ಬಿಲ್ಲು ಮರೆಯಾದ ಮೇಲೂ ಊರೂರು ತಿರುಗಿದ್ದು ಪಿಂಜಾರರ ಹತ್ತಿ ಹಿಂಜುವ ಬಿಲ್ಲು. ಅದರ ಲೆಕ್ಕ ಪೂರ್ತಿ ತಿರುವುಮುರುವು. ಅಲ್ಲಿ ಮರ ಬಾಗಲೇಬಾರದು, ಮಿಡಿಯುವುದು ನರದ ತಂತಿ ಮಾತ್ರ. ಅದಕ್ಕೇ ಆ ಕೋಲು ಅಷ್ಟು ದಪ್ಪ. ಆ ಭಾರ ಕೈಗೆ ಬೀಳದಂತೆ ಅದನ್ನು ಮೇಲಿನಿಂದ ತೂಗುಹಾಕುತ್ತಿದ್ದದ್ದು ಇನ್ನೊಂದು ಪುಟ್ಟ ಬಿದಿರಿನ ಬಿಲ್ಲಿಗೆ. ಬಾಗುವ ಕೆಲಸ ಅದರದ್ದು.