ಹಗೇವು, ಸಾಸಿವೆ ಡಬ್ಬಿ, ಸಂಘದ ಪುಸ್ತಕ

ಹೋದ ತಿಂಗಳು ನಮ್ಮ ಮೈದುನನ ಮನೆ ಮುಂದೆ ಮರಳಿಳಿಸೋಕೆ ಬಂದ ಟ್ರ್ಯಾಕ್ಟರ್ ಗಾಲಿ ದಸಕ್ಕಂತ ನೆಲದೊಳಗೆ ಇಳೀತು. ಮಣ್ಣು ಸರಿಸಿದ್ರೆ ಹಳೇ ಹಗೇವು! ಸೊಸೆ "ಅತ್ತೆ, ಇದು ಬಾವಿನಾ?" ಅಂದ್ಲು. ಅವಳಿಗೆ ಹೇಳಿದ್ದನ್ನೇ ನಿಮಗೂ ಬರೀತಿದೀನಿ. ದೊಡ್ಡವರಿಗೆ ಗೊತ್ತಿರೋದೇ, ಸಣ್ಣವರು ಓದ್ಲಿ.

ಹಗೇವು ಅಂದ್ರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯೋವಷ್ಟು, ಹೊಟ್ಟೆ ಮಾತ್ರ ಗುಡಾಣದಂಗೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು ಕೊಟ್ಟು ಒಣಗಿದ ಜೋಳ ಸುರೀತಿದ್ರು. ಮೇಲೆ ಮತ್ತೆ ಹುಲ್ಲು, ಕಲ್ಲುಚಪ್ಪಡಿ, ಮಣ್ಣು. ಗಾಳಿ ಇಲ್ಲದ ಕಡೆ ಹುಳ ಬದುಕಲ್ಲ, ಅದಕ್ಕೇ ಕಾಳು ವರ್ಷಗಟ್ಟಲೆ ಇರ್ತಿತ್ತು. ಆದ್ರೆ ಬಾಯಿ ತೆಗೆದ ಕೂಡಲೇ ಇಳಿಯಂಗಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿರ್ತೈತೆ. ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡ್ತಿದ್ರು, ದೀಪ ಆರಿದ್ರೆ ಯಾರೂ ಇಳೀತಿರಲಿಲ್ಲ. ಅವಸರಪಟ್ಟು ಇಳಿದು ಜೀವ ಕಳಕೊಂಡವರೂ ಇದಾರೆ. ಆ ಜೋಳದ ರೊಟ್ಟಿಗೆ ಒಂಥರಾ ಮುಗ್ಗಲು ವಾಸನೆ. ನಮ್ಮವ್ವಗೆ ಅದೇ ರುಚಿ, ನನಗೆ ಸೇರ್ತಿರಲಿಲ್ಲ.

ಆಗಿನೋರು ಜಾಣರು, ಕಷ್ಟಕಾಲಕ್ಕೆ ಕೂಡಿಡ್ತಿದ್ರು ಅಂತ ಎಲ್ಲರೂ ಹೊಗಳ್ತಾರೆ. ನಾನು ಪೂರ್ತಿ ಒಪ್ಪಲ್ಲ. ಹೊಲ ಇದ್ದೋರಿಗೆ ಹಗೇವು, ಕೂಲಿಯೋರಿಗೆ ಏನಿತ್ತು? ಧಾತು, ಈಶ್ವರ ಸಂವತ್ಸರದ ಬರ, ಅಂದ್ರೆ 1876ರಿಂದ 78ರದ್ದು, ಮಳೆ ಮೇಲಿಂದ ಮೇಲೆ ಕೈಕೊಟ್ಟ ಕಾಲ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿ ಹೊತ್ತಿಗೆ 50 ಲಕ್ಷಕ್ಕಿಂತ ಹೆಚ್ಚು ಜನ ಇದ್ರು, 1881ರಲ್ಲಿ ಎಣಿಸಿದ್ರೆ 42 ಲಕ್ಷವೂ ಇಲ್ಲ. ನಮ್ಮ ದಾವಣಗೆರೆ ಸೀಮೆನೂ ಅದೇ ಸಂಸ್ಥಾನದಲ್ಲಿತ್ತು, ಚಿತ್ರದುರ್ಗ ಜಿಲ್ಲೆ ಒಳಗೆ. ಒಂದು ವರ್ಷದ ಬರಕ್ಕೆ ಹಗೇವು ಸಾಕು, ಅದರ ಮೇಲೆ ಇನ್ನೊಂದು ವರ್ಷ ಬಂದ್ರೆ ಏನು ಮಾಡ್ತೀರಿ?

ಇನ್ನೊಂದು ಮಾತು. ಹಗೇವು ಯಾವಾಗ ತೆಗೀಬೇಕು ಅನ್ನೋದು ಯಜಮಾನರ ಮಾತು. ಹೆಣ್ಣುಮಕ್ಕಳ ಹಗೇವು ಸಾಸಿವೆ ಡಬ್ಬಿ. ಬೆಣ್ಣೆ ಮಾರಿದ್ದು, ತವರಲ್ಲಿ ಕೈಗಿಟ್ಟಿದ್ದು, ಸಂತೆಯಲ್ಲಿ ಉಳಿದ ಚಿಲ್ಲರೆ, ಎಲ್ಲಾ ಅದರೊಳಗೆ. ಗಂಡಸರಿಗೆ ಗೊತ್ತಾದ್ರೆ ಆ ದುಡ್ಡು ಉಳೀತಿರಲಿಲ್ಲ.

ಸಣ್ಣ ದುಡ್ಡಿಗೂ ಬೆಲೆ ಐತೆ ಅಂತ ಕಂಡುಕೊಂಡೋರು ಉಡುಪಿ ಕಡೆಯೋರು. ಸಿಂಡಿಕೇಟ್ ಬ್ಯಾಂಕಿನೋರು 1928ರಲ್ಲಿ ಪಿಗ್ಮಿ ಶುರು ಮಾಡಿದ್ರು. ದಿನಕ್ಕೆ ಎರಡಾಣೆ ಕೊಟ್ರೂ ಸಾಕು, ಮನೆ ಬಾಗಿಲಿಗೇ ಬಂದು ಬರಕೊಂಡು ಹೋಗೋರು. 1969ರಲ್ಲಿ ಸರ್ಕಾರ 14 ಬ್ಯಾಂಕು ವಹಿಸಿಕೊಳ್ತಲ್ಲ, ಅದರಲ್ಲಿ ಇದೂ ಒಂದು. ನಾನು ಮದುವೆಯಾಗಿ ಬಂದಾಗ ನಮ್ಮ ಮನೇಲೂ ಪಿಗ್ಮಿ ಇತ್ತು, ಆದ್ರೆ ಪುಸ್ತಕ ಮಾವನ ಹೆಸರಲ್ಲಿ. ಅಷ್ಟೊತ್ತಿಗೆ ಹೊಲಕ್ಕೆ ಮೆಕ್ಕೆಜೋಳ ಬರ್ತಾ ಇತ್ತು. ಅದು ರೊಟ್ಟಿಗಲ್ಲ, ಮಾರ್ಕೆಟ್ಟಿಗೆ. ಹಗೇವಿನ ಕೆಲಸ ಅಲ್ಲಿಗೆ ಮುಗೀತು.

2000ದಲ್ಲಿ ಸರ್ಕಾರದ ಸ್ತ್ರೀಶಕ್ತಿ ಬಂತು. ನಮ್ಮ ಓಣಿ ಹದಿನೆಂಟು ಜನ ಸೇರಿ ವಾರಕ್ಕೆ ಹತ್ತು ರೂಪಾಯಿ ಕಟ್ಟಿದ್ವಿ. ಪಿಯುಸಿ ಓದಿದೋಳು ಅಂತ ಪುಸ್ತಕ ಬರೆಯೋದು ನನ್ನ ತಲೆಗೆ ಬಂತು. ನಮ್ಮತ್ತೆ ನಗೋರು: "ಹೆಸರು ಬರೆದಿಟ್ಟ ದುಡ್ಡು ಗುಟ್ಟಾಗಿರ್ತೈತೇನೆ?" ಮಾವಗೆ ಅಪರೇಷನ್ ಆದಾಗ ಸಂಘದಿಂದ ಎಂಟು ಸಾವಿರ ಒಂದೇ ಸಂಜೇಲಿ ಸಿಕ್ತು. ಅವತ್ತು ರಾತ್ರಿ ಅತ್ತೆ ಅಡುಗೆಮನೆಗೆ ಕರೆದು ಸಾವಿರ ರೂಪಾಯಿ ಕೈಗಿಟ್ರು, "ನಿನ್ನ ಸಂಘದ್ದು ಅನ್ನು" ಅಂದ್ರು. ಸಂಘಕ್ಕೆ ಮಾತ್ರ ಕೊನೆತನಕ ಸೇರಲಿಲ್ಲ.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ನಡೆಯಲ್ಲ ಅಂದ್ರಲ್ಲ, ಆಮೇಲೆ ಅತ್ತೆ ಟಿವಿ ಮುಂದಿಂದ ಏಳ್ತಾನೇ ಇರಲಿಲ್ಲ. "ಎಲ್ಲಾ ಐನೂರೂ ಹೋಗ್ತಾವಾ? ಹಳೇವೂ?" ಅಂತ ಎರಡು ಮೂರು ಸಲ ಕೇಳಿದ್ರು. ನಾನು ಒಗ್ಗರಣೆ ಹಾಕ್ತಾ "ನಿಮಗ್ಯಾಕತ್ತೆ ಆ ಚಿಂತೆ" ಅಂದೆ. ಬ್ಯಾಂಕಿಗೆ ಕಟ್ಟೋಕೆ ಡಿಸೆಂಬರ್ 30ರವರೆಗೂ ಟೈಮಿತ್ತು. ಒಂದು ಮಾತು ಅಂದಿದ್ರೆ ನಾನೇ ಕಟ್ಟಿ ಬರ್ತಿದ್ದೆ. ಕಟ್ಟಿದ್ರೆ ಮಗನಿಗೆ, ಮಾವಗೆ ಎಲ್ಲಾ ಗೊತ್ತಾಗ್ತೈತಲ್ಲ, ಅದಕ್ಕೇ ಬಾಯಿ ಬಿಡಲಿಲ್ಲ.

ಮಾರನೇ ವರ್ಷ ಅವರು ಹೋದ್ಮೇಲೆ ಟ್ರಂಕು ತೆಗೆದ್ರೆ, ಇಳಕಲ್ ಸೀರೆ ಮಡಿಕೆಯೊಳಗೆ ಐನೂರರ ಏಳು ನೋಟು. ಅವತ್ತು ಅವರು ಕೇಳಿದ್ದು ಯಾಕೆ ಅಂತ ಆಗ ಹೊಳೀತು. ಆ ನೋಟು ಸಂಘದ ಮೊದಲನೇ ಪುಸ್ತಕದ ರಟ್ಟಿನೊಳಗೆ ಇಟ್ಟಿದೀನಿ, ಈಗಲೂ ಅಲ್ಲೇ ಇದಾವೆ.

ಹಗೇವಿಗೆ ಎರಡು ಟ್ರ್ಯಾಲಿ ಮಣ್ಣು ಹಿಡೀತು. ಮೈದುನ ಮೇಲೆ ಸಿಮೆಂಟ್ ಹಾಕಿಸಿದ.