ಹೆಂಡತಿಯ ಕಿಡ್ನಿ

ಗ್ರೀನ್ ಕಾರಿಡಾರ್ ಅಂದ್ರೆ ನಮಗೆ ಬ್ರೇಕಿಂಗ್ ನ್ಯೂಸ್. ಆಂಬ್ಯುಲೆನ್ಸ್ ಓಡುತ್ತೆ, ಅದರ ಹಿಂದೆ ನಮ್ಮ ಕ್ಯಾಮೆರಾ ಓಡುತ್ತೆ. ಆದ್ರೆ ವೀಕ್ಷಕರೇ, ಭಾರತದಲ್ಲಿ ಕಿಡ್ನಿಯ ಕಥೆ ಇಷ್ಟು ಚೆಂದವಾಗಿ ಶುರುವಾಗಲಿಲ್ಲ.

ನಾನು ಓದಿದ್ದು ಇಂಜಿನಿಯರಿಂಗ್. ಪಾರ್ಟ್ ಕೆಟ್ಟರೆ ಬದಲಾಯಿಸು, ಮುಗೀತು. ದೇಹ ಹಾಗಲ್ಲ. ಹೊರಗಿನ ಪಾರ್ಟ್ ಬಂತು ಅಂದ್ರೆ ಶತ್ರು ಬಂದ ಅಂತಲೇ ದಾಳಿ ಮಾಡುತ್ತೆ. 1954ರಲ್ಲಿ ಬಾಸ್ಟನ್‌ನಲ್ಲಿ ಡಾ. ಜೋಸೆಫ್ ಮರ್ರೆ ಗೆದ್ದಿದ್ದೂ ಒಂದೇ ರೂಪದ ಅವಳಿಗಳ ನಡುವೆ. 1965ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನಡೆದ ಪ್ರಯತ್ನದಲ್ಲಿ ರೋಗಿ ಉಳಿಯಲಿಲ್ಲ. 1971ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಮೊದಲ ಯಶಸ್ಸು ಸಿಕ್ಕಿತು.

ಎಂಬತ್ತರ ದಶಕದಲ್ಲಿ ಸೈಕ್ಲೋಸ್ಪೋರಿನ್ ಎಂಬ ಔಷಧಿ ಬಂತು. ದೇಹದ ದಾಳಿಯನ್ನು ಹದ್ದುಬಸ್ತಿಗೆ ತರುವ ಔಷಧಿ. ವರವೇ ಸರಿ. ಆದ್ರೆ ನೋಡಿ, ಅಣ್ಣ ತಮ್ಮನದೇ ಕಿಡ್ನಿ ಬೇಕು ಅನ್ನೋ ಕಟ್ಟು ಸಡಿಲವಾಯ್ತು. ಗುರುತಿಲ್ಲದವನ ಕಿಡ್ನಿಯೂ ನಡೆಯುತ್ತೆ ಅಂದಮೇಲೆ ದಲ್ಲಾಳಿ ಬಾರದೆ ಇರ್ತಾನಾ? ಮದ್ರಾಸಿನ ವಿಲ್ಲಿವಾಕ್ಕಂನಲ್ಲಿ ಕಿಡ್ನಿ ಮಾರಿದ ಬಡವರು ಎಷ್ಟಾದರು ಅಂದ್ರೆ, ಜನ ಆ ಊರನ್ನ ‘ಕಿಡ್ನಿವಾಕ್ಕಂ’ ಅಂತ ಕರೆದರು. ನಮ್ಮ ಬೆಂಗಳೂರೇನೂ ಸಾಚಾ ಅಲ್ಲ. ಇಲ್ಲಿನ ದಂಧೆಯೂ ತೊಂಬತ್ತರ ದಶಕದಲ್ಲಿ ಬಯಲಾಯಿತು.

1994ರಲ್ಲಿ ಸಂಸತ್ತು ಕಾಯ್ದೆ ತಂದಿತು. ಅಂಗಾಂಗ ಮಾರಾಟ ಅಪರಾಧವಾಯ್ತು. ಮಿದುಳು ಸತ್ತರೆ ಮನುಷ್ಯ ಸತ್ತಂತೆ ಎಂದು ಕಾನೂನು ಮೊದಲ ಸಲ ಒಪ್ಪಿತು. ನಾಲ್ವರು ವೈದ್ಯರು, ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ. ಬದುಕಿರುವವರು ಕೊಡುವುದಾದರೆ ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು. ಹೊರಗಿನವರು ‘ಪ್ರೀತಿ, ಮಮತೆ’ಯಿಂದ ಕೊಡ್ತೀನಿ ಅಂದ್ರೆ ಸಮಿತಿ ಒಪ್ಪಬೇಕು. ದಲ್ಲಾಳಿಗಳು ಆ ಮಮತೆಗೂ ಕಾಗದಪತ್ರ ಹುಟ್ಟಿಸಿದರು ಬಿಡಿ!

ಬೆಂಗಳೂರಿನಲ್ಲಿ ಈಗ ‘ಜೀವಸಾರ್ಥಕತೆ’ ಮೃತರ ಅಂಗಾಂಗಗಳನ್ನು ಸರದಿಯಂತೆ ಹಂಚುತ್ತೆ. ಒಳ್ಳೆಯ ಕೆಲಸ. ಆದರೂ ದೇಶದಲ್ಲಿ ಬಹುಪಾಲು ಕಿಡ್ನಿ ಬರುವುದು ಬದುಕಿರುವವರಿಂದಲೇ, ಅಂದ್ರೆ ಮನೆಯಿಂದಲೇ. ಮನೆಯಲ್ಲಿ ಕೊಡುವವರು ಯಾರು? ಹೆಚ್ಚಾಗಿ ಹೆಂಡತಿ, ತಾಯಿ. ಪಡೆಯುವವರು ಹೆಚ್ಚಾಗಿ ಗಂಡಸರು. 2014ರ ನಿಯಮಗಳಲ್ಲಿ ಇದಕ್ಕೂ ಒಂದು ಸಾಲಿದೆ: ದಾನಿ ಮಹಿಳೆಯಾದರೆ ಹೆಚ್ಚು ಎಚ್ಚರ ವಹಿಸಬೇಕು, ಆಕೆಯ ಸ್ವತಂತ್ರ ಒಪ್ಪಿಗೆಯನ್ನು ಕಿಡ್ನಿ ಪಡೆಯುವವನಲ್ಲದ ಬೇರೊಬ್ಬರು ಖಚಿತಪಡಿಸಬೇಕು.

ಕೇಳುವವರು ಕೇಳ್ತಾರೆ, ಆಕೆ ಹ್ಞೂಂ ಅಂತಾಳೆ. ಬಾಗಿಲ ಹೊರಗೆ ಅತ್ತೆ, ಮಾವ ಕೂತಿರ್ತಾರೆ.